ಆರೈಕೆ ಮನೆಗೆ ಹೆಸರಿಡುವುದು ಹೇಗೆ: ಒಳಗಿರುವವರು ದನಿ ತಗ್ಗಿಸದೆ ಹೇಳುವಂಥ ಹೆಸರು

"ಈಗ ಎಲ್ಲಿದ್ದೀಯೇ?" ಎಂದು ಹಳೆಯ ಗೆಳತಿ ಫೋನಿನಲ್ಲಿ ಕೇಳುತ್ತಾಳೆ. ಎಂಬತ್ತು ದಾಟಿದ ಅಜ್ಜಿ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ ದನಿ ತಗ್ಗಿಸಿ, "ಇಲ್ಲೇ ಒಂದು ಕಡೆ ಇದ್ದೀನಿ ಬಿಡು" ಅನ್ನುತ್ತಾರೆ. ಆ ಮೌನಕ್ಕೆ ಕಾರಣ ಹಲವು ಇರಬಹುದು. ಗೇಟಿನ ಮೇಲೆ ಬರೆದ ಹೆಸರೂ ಅದರಲ್ಲಿ ಒಂದು.

ಕೇರ್ ಹೋಮ್ ಶುರು ಮಾಡುವವರು ಹೆಸರಿನ ಬಗ್ಗೆ ಯೋಚಿಸುವಾಗ ಕಣ್ಣ ಮುಂದೆ ಬರುವುದು ಬೋರ್ಡು, ಲೆಟರ್‌ಹೆಡ್, ದುಡ್ಡು ಕಟ್ಟುವ ಮಕ್ಕಳು, ಪರವಾನಗಿ ಕೊಡುವ ಕಚೇರಿ. ಇವೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ಆ ಹೆಸರನ್ನು ತಮ್ಮ ವಿಳಾಸ ಎಂದು ಹೇಳಿಕೊಳ್ಳಬೇಕಾದವರು ಒಳಗಿರುವವರು. ಹಾಗಾಗಿ ಇಲ್ಲಿನ ಹೆಜ್ಜೆಗಳೆಲ್ಲ ಅವರ ಬಾಯಿಂದಲೇ ಶುರುವಾಗುತ್ತವೆ. ವಯಸ್ಸಾದವರ ಮನೆಯನ್ನೇ ಜಾಸ್ತಿ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಮಕ್ಕಳ ಮನೆಗೆ, ಅಂಗವೈಕಲ್ಯ ಇರುವವರ ಮನೆಗೆ ಬಹುಪಾಲು ಇದೇ ಲೆಕ್ಕ. ಬೇರೆಯಾಗುವ ಕಡೆ ಹೇಳುತ್ತೇನೆ.

ಈ ಕೆಲಸಕ್ಕೆ ಮೂರು ವಾರವಾದರೂ ಇಟ್ಟುಕೊಳ್ಳಿ. ಒಂದೇ ಸಂಜೆ ಕೂತು ಮುಗಿಸಿದ ಹೆಸರು ಸಾಮಾನ್ಯವಾಗಿ ಕೂತವರಲ್ಲಿ ಜೋರಾಗಿ ಮಾತಾಡಿದವರ ಹೆಸರಾಗಿರುತ್ತದೆ.

1. ಹೆಸರಿಗಿಂತ ಮೊದಲು ಮಾತು ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಹೆಸರಿನ ಜಾಗ ಖಾಲಿ ಬಿಟ್ಟು ಈ ಮಾತುಗಳನ್ನು ಬರೆಯಿರಿ:

"ನಾನೀಗ ____ಲ್ಲಿ ಇದ್ದೇನೆ." (ಒಳಗಿರುವವರು)
"ಭಾನುವಾರ ಅಮ್ಮನ್ನ ನೋಡೋಕೆ ____ಗೆ ಹೋಗ್ತೀನಿ." (ಮಗಳು, ತನ್ನ ಆಫೀಸಿನಲ್ಲಿ)
"ನಮಸ್ಕಾರ, ____ಯಿಂದ ಮಾತಾಡ್ತಿದ್ದೀನಿ." (ಸಿಬ್ಬಂದಿ, ದಿನಕ್ಕೆ ಹತ್ತಾರು ಸಲ)
"____ಗೆ ಬೇಗ ಆಂಬುಲೆನ್ಸ್ ಕಳಿಸಿ." (ರಾತ್ರಿ ಪಾಳಿಯವರು)
"ನಾನು ____ಲ್ಲಿ ಕೆಲಸ ಮಾಡ್ತೀನಿ." (ಹೊಸದಾಗಿ ಸೇರಿದ ನರ್ಸು)
"ತಾತ ____ಗೆ ಬಾ ಅಂದಿದ್ದಾರೆ." (ಮೊಮ್ಮಗ)

ಯಾವ ಹೆಸರು ಹೊಳೆದರೂ ಈ ಆರು ಮಾತಿನೊಳಗೆ ಕೂರಿಸಿ ಗಟ್ಟಿಯಾಗಿ ಓದಿ. ಕನ್ನಡದಲ್ಲಿ ಹೆಸರು ಒಂಟಿಯಾಗಿ ನಿಲ್ಲುವುದು ಬೋರ್ಡಿನ ಮೇಲೆ ಮಾತ್ರ. ಬಾಯಿಗೆ ಬಂತು ಅಂದರೆ ಅದಕ್ಕೆ ವಿಭಕ್ತಿ ಅಂಟಿಕೊಳ್ಳುತ್ತದೆ. ತಮಾಷೆ ಶುರುವಾಗುವುದು ಅಲ್ಲೇ.

'ನೆಮ್ಮದಿ' ಎಂಬ ಹೆಸರು ತೆಗೆದುಕೊಳ್ಳಿ. ಕೇಳಲು ಚೆಂದ. "ಅಮ್ಮ ನೆಮ್ಮದಿಯಲ್ಲಿದ್ದಾರೆ" ಅಂದರೆ ಎರಡು ಅರ್ಥವೂ ಒಳ್ಳೆಯದೇ. "ನೆಮ್ಮದಿಯಿಂದ ಮಾತಾಡ್ತಿದ್ದೀನಿ" ಅಂದರೆ? ಆ ಕಡೆಯವರು, ಸರಿ, ನಿಧಾನಕ್ಕೆ ಮಾತಾಡಿ ಅಂದುಕೊಳ್ಳುತ್ತಾರೆ. "ನೆಮ್ಮದಿಗೆ ಆಂಬುಲೆನ್ಸ್ ಕಳಿಸಿ" ಅಂತೂ ಹಾಸ್ಯವೇ. 'ಬೆಳಕು' ಕೂಡ ಹೀಗೇ ಎಡವುತ್ತದೆ. ಅದಕ್ಕೆ 'ಮನೆ' ಅಂತ ಒಂದು ಪದ ಸೇರಿಸಿ 'ಬೆಳಕಿನ ಮನೆ' ಅನ್ನಿ, ಆರೂ ಮಾತು ಸರಿಯಾಗಿ ಕೂರುತ್ತವೆ. ಭಾವವನ್ನು ಹೇಳುವ ಪದಕ್ಕೆ ಜಾಗವನ್ನು ಹೇಳುವ ಪದ ಒಂದು ಜೊತೆಗೆ ಬೇಕು. ಮರ, ಅಂಗಳ, ಜಗಲಿಯಂಥ ಪದಗಳಿಗೆ ಆ ಊರುಗೋಲು ಬೇಕಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಹೆಸರು ತನ್ನ ಹಿಂದೆ ಒಂದು ಕ್ರಿಯಾಪದವನ್ನೂ ಎಳೆದುಕೊಂಡು ಬರುತ್ತದೆ. 'ಆಶ್ರಮ' ಅಂದರೆ 'ಹಾಕಿದರು' ಬಂದೇ ಬರುತ್ತದೆ: "ಅಪ್ಪನ್ನ ಆಶ್ರಮಕ್ಕೆ ಹಾಕಿಬಿಟ್ಟರಂತೆ." 'ಕೇಂದ್ರ' ಅಂದರೆ 'ಸೇರಿಸಿದರು'. 'ಮನೆ' ಅಂದರೆ 'ಇದ್ದಾರೆ'. ಹಾಕುವುದು ಸಾಮಾನನ್ನು. ಸೇರಿಸುವುದು ರೋಗಿಯನ್ನು ಅಥವಾ ಶಾಲೆಗೆ ಮಗುವನ್ನು. ಇರುವುದು ಮಾತ್ರ ಮನುಷ್ಯ ತಾನೇ ಮಾಡುವ ಕೆಲಸ. ನೀವು ಇಟ್ಟ ಹೆಸರಿನ ಮುಂದೆ ನೆರೆಹೊರೆಯವರ ಬಾಯಲ್ಲಿ ಯಾವ ಕ್ರಿಯಾಪದ ಬರುತ್ತದೆ ಅಂತ ಊಹಿಸಿ ನೋಡಿ. ನನ್ನ ಮಟ್ಟಿಗೆ ಇದೇ ಮೊದಲ ಜರಡಿ. ಇದರಲ್ಲಿ ನಿಲ್ಲದ ಹೆಸರನ್ನು ಮುಂದಕ್ಕೆ ಒಯ್ಯುವುದೇ ಬೇಡ.

2. ಒಳಗೆ ಯಾರು ಇರುತ್ತಾರೆ, ಏನು ಸಿಗುತ್ತದೆ

ಇದು ಚಿಕ್ಕ ಹೆಜ್ಜೆ. ಆದರೆ ಬಿಟ್ಟರೆ ಆಮೇಲೆ ತೊಂದರೆ. ನಿಮ್ಮಲ್ಲಿ ಇರುವವರು ಓಡಾಡಿಕೊಂಡಿರುವ ಹಿರಿಯರೇ? ಹಾಸಿಗೆ ಹಿಡಿದವರೇ? ಮರೆಗುಳಿ ಕಾಯಿಲೆ ಇರುವವರೇ? ಕೆಲವೇ ವಾರ ಇದ್ದು ಚೇತರಿಸಿಕೊಂಡು ಹೋಗುವವರೇ? ದಿನವಿಡೀ ನರ್ಸ್ ಇರುತ್ತಾರೋ, ಇಲ್ಲವೋ? ಎರಡು ಮೂರು ಸಾಲಿನಲ್ಲಿ ಬರೆದಿಡಿ.

ಯಾಕೆಂದರೆ ಹೆಸರು ಒಂದು ಮಾತು ಕೊಟ್ಟ ಹಾಗೆ. ನರ್ಸಿಂಗ್ ಸೌಲಭ್ಯ ಇಲ್ಲದೆ 'ನರ್ಸಿಂಗ್' ಅಂತ ಸೇರಿಸಿದರೆ, ವೈದ್ಯರು ಇಲ್ಲದೆ 'ಆಸ್ಪತ್ರೆ' ಅಂದರೆ, ಬರುವವರು ಅದನ್ನು ನಂಬಿಯೇ ಬರುತ್ತಾರೆ. ಎಷ್ಟೋ ಕಡೆ ಇಂಥ ಪದ ಬಳಸಲು ಬೇರೆ ಪರವಾನಗಿಯೇ ಬೇಕು. ಹೊಳೆ ಇಲ್ಲದ ಕಡೆ 'ಹೊಳೆದಂಡೆ' ಅಂತ ಇಡುವುದೂ ಇದೇ ಜಾತಿಯ ತಪ್ಪು. ಕಿಟಕಿ ತೆರೆದು ಗೋಡೆ ನೋಡುವ ಅಜ್ಜನಿಗೆ ಆ ಸುಳ್ಳು ದಿನಾ ಕಾಣುತ್ತದೆ.

ಮಕ್ಕಳ ಮನೆಯಾದರೆ ಇಲ್ಲಿ ಒಂದು ಬೇರೆ ಪ್ರಶ್ನೆ ಕೇಳಿ. ಈ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ, ಡೈರಿಯಲ್ಲಿ, ವ್ಯಾನಿನ ಮೇಲೆ ಕಾಣುತ್ತದೆ. ತರಗತಿಯ ಬೇರೆ ಮಕ್ಕಳು ಅದನ್ನು ಓದುತ್ತಾರೆ. 'ಅನಾಥ', 'ನಿರ್ಗತಿಕ', 'ಪುನರ್ವಸತಿ' ಎಂಬ ಪದಗಳು ಅಲ್ಲಿ ಮಗುವಿನ ಬೆನ್ನಿಗೆ ಅಂಟಿಸಿದ ಚೀಟಿ. ಚಟ ಬಿಡಿಸುವ ಮನೆ, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುವವರ ಮನೆಗೂ ಅಷ್ಟೇ. ಅಲ್ಲಿ ಸಾಮಾನ್ಯ ಮನೆಯೊಂದರ ಹೆಸರಿನಂತೆ ಕಾಣುವ ಹೆಸರೇ ಸರಿ. ಏನು ಕೆಲಸ ನಡೆಯುತ್ತದೆ ಎನ್ನುವುದು ಪರವಾನಗಿ ಪತ್ರದಲ್ಲಿ ಇದ್ದರೆ ಸಾಕು, ಲಕೋಟೆಯ ಮೇಲೆ ಬೇಡ. ಹಿಂಸೆಯಿಂದ ತಪ್ಪಿಸಿಕೊಂಡು ಬಂದವರ ಮನೆಗಂತೂ ಬೋರ್ಡೇ ಇಲ್ಲದಿದ್ದರೆ ಒಳ್ಳೆಯದು.

3. ಬೇಡದ ಪದಗಳನ್ನು ಮೊದಲೇ ಹೊರಗಿಡಿ

ಒಳ್ಳೆಯ ಹೆಸರು ಹುಡುಕುವುದಕ್ಕಿಂತ ಕೆಟ್ಟ ಹೆಸರು ತೆಗೆಯುವುದು ಸುಲಭ. ಅದನ್ನೇ ಮೊದಲು ಮಾಡಿ.

ಸಂಜೆಯ ಪದಗಳು. ಮುಸ್ಸಂಜೆ, ಸಂಧ್ಯಾ, ಅಸ್ತ, ಇಳಿಹೊತ್ತು. ಕವಿತೆಯಲ್ಲಿ ಎಷ್ಟು ಚೆನ್ನ! ಆದರೆ ಸಂಜೆಯ ಮುಂದಿನದು ಏನು ಅಂತ ಒಳಗಿರುವವರಿಗೆ ಗೊತ್ತು. ಅದನ್ನು ದಿನಾ ಬಾಗಿಲಲ್ಲಿ ನೆನಪಿಸಬೇಕೇ? ಹೊರಗಿನವರಿಗೆ ಸುಂದರವಾಗಿ ಕಾಣುವ ರೂಪಕ ಒಳಗಿನವರಿಗೆ ಗಡಿಯಾರವಾಗಿ ಕಾಣುತ್ತದೆ.

ಸಾವಿನ ವಾಸನೆ ಇರುವ ಪದಗಳು. ಮುಕ್ತಿಧಾಮ, ಶಾಂತಿಧಾಮ ಎಂಬ ಹೆಸರುಗಳು ಮಸಣಕ್ಕೂ ಇವೆ. ಸ್ವರ್ಗ ಅಂತ ಇಟ್ಟರೆ "ಅಪ್ಪ ಎಲ್ಲಿ?" ಎಂಬ ಪ್ರಶ್ನೆಗೆ ಉತ್ತರ ಹೇಳಿ ನೋಡಿ. 'ಶಾಂತಿ' ಒಂದೇ ಪದವಾಗಿ ಕೆಟ್ಟದ್ದಲ್ಲ. ಆದರೆ ಆ ಪದ ಹೆಚ್ಚಾಗಿ ಯಾವ ಕಾರ್ಡಿನಲ್ಲಿ ಅಚ್ಚಾಗುತ್ತದೆ ಅನ್ನುವುದನ್ನು ಮರೆಯಬೇಡಿ.

ಕೊಡುವವರ ಗುಣ ಹೇಳುವ ಪದಗಳು. ಕರುಣೆ, ದಯೆ, ಸೇವೆ, ಆಸರೆ, ಆಶ್ರಯ. ಇವು ಎಲ್ಲರಿಗೂ ಮೊದಲು ಹೊಳೆಯುತ್ತವೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇವು ಕೆಟ್ಟ ಪದಗಳಲ್ಲ. ತೊಂದರೆ ಇರುವುದು ಯಾರ ಕಡೆಯಿಂದ ಹೇಳುತ್ತಿದ್ದೇವೆ ಅನ್ನುವುದರಲ್ಲಿ. 'ಕರುಣಾಲಯ' ಎಂದರೆ ನಡೆಸುವವರಿಗೆ ಹೆಮ್ಮೆ. ಒಳಗಿರುವವರು "ನಾನು ಕರುಣಾಲಯದಲ್ಲಿದ್ದೇನೆ" ಅಂದರೆ, ಯಾರದೋ ಕರುಣೆಯಲ್ಲಿದ್ದೇನೆ ಎಂದು ಒಪ್ಪಿಕೊಂಡ ಹಾಗೆ. ನಲವತ್ತು ವರ್ಷ ದುಡಿದು, ತಿಂಗಳು ತಿಂಗಳು ತಾನೇ ದುಡ್ಡು ಕಟ್ಟುವ ಮನುಷ್ಯನಿಗೆ ಇದು ಹೇಗೆ ಕೇಳಿಸಬೇಕು? ದಾನದಲ್ಲಿ ನಡೆಯುವ ಮನೆಯಾದರೆ ಇನ್ನೂ ಹುಷಾರಾಗಿರಬೇಕು. ಅಲ್ಲಿ ಆ ಮಾತು ನಿಜ, ಅದಕ್ಕೇ ಜಾಸ್ತಿ ಚುಚ್ಚುತ್ತದೆ.

ಮಗು ಮಾಡುವ ಪದಗಳು. ಮಡಿಲು, ತೊಟ್ಟಿಲು, ಎರಡನೇ ಬಾಲ್ಯ. 'ಮಡಿಲು' ಮಕ್ಕಳ ಮನೆಗೆ ಒಪ್ಪುತ್ತದೆ. ಮೂವತ್ತು ಜನರನ್ನು ಕೈಕೆಳಗೆ ಇಟ್ಟುಕೊಂಡು ಕೆಲಸ ಮಾಡಿಸಿದವರನ್ನು ಮಡಿಲಲ್ಲಿ ಕೂರಿಸುವುದು ಅಷ್ಟೊಂದು ಒಪ್ಪುವುದಿಲ್ಲ.

ಕೊನೆಗೆ, ಇಲಾಖೆಯ ಪದಗಳು. ವಾರ್ಧಕ್ಯ ಆರೈಕೆ ಘಟಕ, ಹಿರಿಯ ನಾಗರಿಕರ ವಸತಿ ಕೇಂದ್ರ. ಫಾರಂ ತುಂಬಲು ಸರಿ. ಮನೆಯ ಹೆಸರಲ್ಲ.

ಹಾಗಂತ ಒಳ್ಳೆಯ ಪದವೊಂದೇ ಕಾಪಾಡುತ್ತದೆ ಅಂದುಕೊಳ್ಳಬೇಡಿ. 1247ರಲ್ಲಿ ಲಂಡನ್ನಿನಲ್ಲಿ ಬೆತ್ಲೆಹೆಮ್ ಹೆಸರಿನಲ್ಲಿ ಒಂದು ಮಠ ಶುರುವಾಯಿತು. ಮುಂದೆ ಅದು ಮಾನಸಿಕ ರೋಗಿಗಳ ಆಸ್ಪತ್ರೆಯಾಯಿತು. ಜನರ ಬಾಯಲ್ಲಿ ಹೆಸರು ಸವೆದು 'ಬೆಡ್ಲಮ್' ಆಯಿತು. ಒಳಗಿನ ಸ್ಥಿತಿ ಎಷ್ಟು ಕುಖ್ಯಾತವಾಯಿತು ಅಂದರೆ, ಇಂಗ್ಲಿಷಿನಲ್ಲಿ ಇವತ್ತಿಗೂ ಬೆಡ್ಲಮ್ ಅಂದರೆ ಗದ್ದಲ, ಗೊಂದಲ. ಏಸುವಿನ ಹುಟ್ಟೂರಿನ ಹೆಸರಿಗೇ ಈ ಗತಿ ಬಂತು. 'ಅಸೈಲಮ್' ಎಂಬ ಪದವೂ ಹಾಗೆಯೇ. ಗ್ರೀಕಿನಲ್ಲಿ ಅದರ ಮೂಲ ಅರ್ಥ ಯಾರೂ ಕೈಮಾಡಲಾಗದ ತಾಣ. ಬಳಕೆಯಲ್ಲಿ ಅದು ಹೆದರಿಕೆಯ ಪದವಾಯಿತು. ನಮ್ಮ 'ಆಶ್ರಮ' ಕೂಡ ಋಷಿಗಳ ತಪಸ್ಸಿನ ಜಾಗದಿಂದ "ನನ್ನನ್ನು ಆಶ್ರಮಕ್ಕೆ ಹಾಕ್ತೀಯೇನೋ?" ಎಂಬ ಬೈಗುಳದವರೆಗೆ ನಡೆದು ಬಂದಿದೆ.

4. ಪದ ಕೂಡಿಹಾಕುವುದು

ಈಗ ಹುಡುಕಾಟ. ಗುರಿ ಸುಮಾರು ನಲವತ್ತು ಪದ. ಒಳ್ಳೆಯದು ಕೆಟ್ಟದ್ದು ಅಂತ ಈಗಲೇ ಅಳೆಯಬೇಡಿ, ಸುಮ್ನೆ ಬರೆಯುತ್ತಾ ಹೋಗಿ.

ಮೊದಲು ಜಾಗದಲ್ಲೇ ಹುಡುಕಿ. ಆ ಹಿತ್ತಲಲ್ಲಿ ಯಾವ ಮರ ಇದೆ? ಬಾವಿ ಇದೆಯೇ? ಬೆಳಗಿನ ಬಿಸಿಲು ಯಾವ ಕಡೆ ಬೀಳುತ್ತದೆ? ಕಟ್ಟಡಕ್ಕೆ ಮೊದಲು ಅಲ್ಲಿ ಏನಿತ್ತು, ಜನ ಆ ಜಾಗವನ್ನು ಏನಂತ ಕರೆಯುತ್ತಿದ್ದರು? ನಿಜವಾಗಿ ಇರುವ ವಸ್ತುವಿನ ಹೆಸರಿಗೆ ಒಂದು ಅನುಕೂಲ ಇದೆ. ಅದನ್ನು ವಿವರಿಸಬೇಕಾಗಿಲ್ಲ, ಬೆರಳು ತೋರಿಸಿದರೆ ಸಾಕು. 'ಹೊಂಗೆ ನೆರಳು' ಅಂತ ಇಟ್ಟು, ಬಾಗಿಲಲ್ಲಿ ಹೊಂಗೆ ಮರ ಇದ್ದು, ಕೆಳಗೆ ಎರಡು ಬೆಂಚು ಹಾಕಿದ್ದರೆ ಹೆಸರಿನ ಕೆಲಸ ಅಲ್ಲಿಗೇ ಮುಗಿಯಿತು. ಮರ ಆರೋಗ್ಯವಾಗಿದೆಯೇ ಅಂತ ಮಾತ್ರ ನೋಡಿಕೊಳ್ಳಿ. ಮುಂದಿನ ವರ್ಷ ಪಾರ್ಕಿಂಗಿಗೆ ಕಡಿಯುವ ಯೋಚನೆ ಇದ್ದರೆ ಬೇರೆ ಹೆಸರು ಹುಡುಕಿ.

ಹೂವಿನ ಹೆಸರುಗಳಲ್ಲಿ ಒಂದು ಎಚ್ಚರ. ಪಾರಿಜಾತ ಎಲ್ಲರಿಗೂ ಇಷ್ಟ. ಆದರೆ ಅದು ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಉದುರುವ ಹೂವು. ಅದರ ವೈಜ್ಞಾನಿಕ ಹೆಸರಿನಲ್ಲಿರುವ 'ಆರ್ಬರ್ ಟ್ರಿಸ್ಟಿಸ್' ಅಂದರೆ ಲ್ಯಾಟಿನ್ನಿನಲ್ಲಿ ದುಃಖದ ಮರ. ಯಾರು ಅಷ್ಟೆಲ್ಲ ನೋಡುತ್ತಾರೆ ಅನ್ನಬಹುದು. ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು ಒಬ್ಬರು ಒಳಗಿದ್ದೇ ಇರುತ್ತಾರೆ, ನೋಡಿ ಬೇಕಾದರೆ. ಮಲ್ಲಿಗೆ, ಸಂಪಿಗೆಗೆ ಈ ಕಾಟ ಇಲ್ಲ. ಅವು ನೆನಪಿಗೆ ತರುವುದು ಪರಿಮಳವನ್ನು.

ಎರಡನೆಯದು ಮನೆಯ ಭಾಗಗಳ ಹೆಸರು. ಇದು ನನ್ನ ಮೆಚ್ಚಿನ ಗಣಿ. ಜಗಲಿ, ಅಂಗಳ, ಪಡಸಾಲೆ, ಹೊಸ್ತಿಲು, ಹಿತ್ತಲು. ಇವೆಲ್ಲ ಜನ ಕೂತು ಮಾತಾಡುವ, ಬಂದವರನ್ನು ಕರೆಯುವ ಜಾಗಗಳು. 'ಜಗಲಿ' ಎಂದರೆ ಅಲ್ಲಿ ಯಾರೋ ಕೂತಿದ್ದಾರೆ, ಹೋದರೆ ಮಾತಾಡಿಸುತ್ತಾರೆ ಅನ್ನುವುದು ಪದದೊಳಗೇ ಇದೆ. 'ಸ್ವಾಗತ' ಅಂತ ಬರೆಯದೆ ಸ್ವಾಗತಿಸುವ ಪದ ಅದು. ಆದರೆ 'ಹಿತ್ತಲು' ಎಂದರೆ ಹಿಂದೆ ತಳ್ಳಿದ ಹಾಗೂ ಕೇಳಿಸಬಹುದು. 'ಹೊಸ್ತಿಲು' ದಾಟುವ ಜಾಗ, ಇರುವ ಜಾಗವಲ್ಲ. 'ಬಿಡಾರ' ನಾಲ್ಕು ದಿನದ ತಂಗುವಿಕೆ, ಹೀಗಾಗಿ ಅಲ್ಪಕಾಲದ ಆರೈಕೆ ಮನೆಗಾದರೆ ಸರಿಹೋದೀತು.

ಮೂರನೆಯದು, ಒಳಗಿರುವವರ ಬದುಕು. ಇಟಲಿಯ ಮಿಲಾನ್ ನಗರದಲ್ಲಿ ಸಂಗೀತಗಾರ ವೆರ್ಡಿ ಕಟ್ಟಿಸಿದ ಒಂದು ಮನೆ ಇದೆ. ವಯಸ್ಸಾದ ಸಂಗೀತಗಾರರಿಗಾಗಿ 1902ರಲ್ಲಿ ಬಾಗಿಲು ತೆರೆಯಿತು. ಕಾಗದದ ಮೇಲಿನ ಹೆಸರಿನ ಅರ್ಥ 'ಸಂಗೀತಗಾರರ ವಿಶ್ರಾಂತಿ ಮನೆ'. ಜನ ಕರೆಯುವುದು 'ಕಾಸಾ ವೆರ್ಡಿ', ಅಂದರೆ ವೆರ್ಡಿಯ ಮನೆ. ಇಲ್ಲಿ ಎರಡು ಪಾಠ ಇವೆ. ಒಂದು, ಉದ್ದ ಹೆಸರನ್ನು ಜನ ತುಂಡರಿಸಿಯೇ ತೀರುತ್ತಾರೆ. ಇನ್ನೊಂದು, ಆ ಉದ್ದ ಹೆಸರು ಹೇಳುವುದು ಒಳಗಿರುವವರ ಮುಪ್ಪನ್ನಲ್ಲ, ಅವರು ಏನಾಗಿದ್ದರು ಅನ್ನುವುದನ್ನು. ನಿಮ್ಮ ಮನೆಗೆ ಬರುವವರು ಹೆಚ್ಚಾಗಿ ಒಂದೇ ಕಸುಬಿನವರು, ಒಂದೇ ಊರಿನವರು ಆಗಿದ್ದರೆ ಆ ದಾರಿಯಲ್ಲಿ ಯೋಚಿಸಿ.

ದಾನಿಯ ಅಥವಾ ಸ್ಥಾಪಕರ ಹೆಸರು ಇಡಬಹುದೇ? ಇಡಬಹುದು. 1521ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಯಾಕೋಬ್ ಫುಗ್ಗರ್ ಎಂಬ ಸಾಹುಕಾರ ಬಡವರಿಗಾಗಿ ಕಟ್ಟಿಸಿದ ಮನೆಗಳ ಸಾಲು ಇವತ್ತಿಗೂ ಅವನ ಹೆಸರಿನಲ್ಲೇ 'ಫುಗ್ಗರೈ' ಅನ್ನಿಸಿಕೊಂಡು ನಡೆಯುತ್ತಿದೆ. ಆದರೆ 'ಸ್ಮಾರಕ' ಎಂಬ ಪದ ಸೇರಿಸಬೇಡಿ. ಬದುಕಿರುವವರ ಮನೆ ಸ್ಮಾರಕ ಆಗಬಾರದು. ದಾನಿಗೆ ಗೌರವ ಸಲ್ಲಿಸಬೇಕಾದರೆ ಗ್ರಂಥಾಲಯಕ್ಕೋ ತೋಟಕ್ಕೋ ಅವರ ಹೆಸರಿಡಿ.

ದೇವರ, ಸಂತರ ಹೆಸರು ಇಡುವ ಮುಂಚೆ, ಬೇರೆ ನಂಬಿಕೆಯವರು ಬಂದರೆ ಅವರಿಗೂ ಇದು ತಮ್ಮ ವಿಳಾಸ ಅನ್ನಿಸುತ್ತದೆಯೇ ಅಂತ ಯೋಚಿಸಿ. ಒಂದೇ ನಂಬಿಕೆಯವರಿಗೆ ಅಂತಲೇ ಮಾಡಿದ ಮನೆಯಾದರೆ ತೊಡಕಿಲ್ಲ. ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ 1967ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ, ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಮನೆಗೆ, ಅಂದರೆ ಹಾಸ್ಪೈಸ್‌ಗೆ ಸೇಂಟ್ ಕ್ರಿಸ್ಟೋಫರ್ ಹೆಸರಿಟ್ಟರು. ಕ್ರಿಸ್ಟೋಫರ್ ಪ್ರಯಾಣಿಕರನ್ನು ಕಾಯುವ ಸಂತ. ಸಾವಿನ ಮಾತೇ ಎತ್ತದೆ, ಸುಳ್ಳೂ ಹೇಳದೆ, ದಾರಿಯಲ್ಲಿ ಜೊತೆಗಿರುತ್ತೇವೆ ಅಂದ ಹೆಸರು ಅದು. ಹಾಸ್ಪೈಸ್ ಎಂಬ ಪದದ ಲ್ಯಾಟಿನ್ ಮೂಲವಾದ 'ಹಾಸ್ಪೆಸ್'ಗೆ ಅತಿಥಿ, ಆತಿಥೇಯ ಎರಡೂ ಅರ್ಥ ಇವೆ. ಯಾರು ಯಾರ ಮನೆಯಲ್ಲಿದ್ದಾರೆ ಅನ್ನುವುದನ್ನೇ ಆ ಪದ ಅಳಿಸಿಹಾಕುತ್ತದೆ.

5. ಬಾಯಿ, ಕಿವಿ, ಕಣ್ಣು

ನಲವತ್ತು ಪದ ಈಗ ಎಂಟು ಹತ್ತಕ್ಕೆ ಇಳಿದಿರುತ್ತದೆ. ಉಳಿದದ್ದನ್ನು ದೇಹಕ್ಕೆ ಒಪ್ಪಿಸಿ. ಹೇಳುವವರಿಗೆ, ಕೇಳುವವರಿಗೆ, ಓದುವವರಿಗೆ ಎಂಬತ್ತು ವಯಸ್ಸು ಅಂತ ಇಟ್ಟುಕೊಳ್ಳಿ.

ಬಾಯಿ. ಕಟ್ಟಿಸಿದ ಹಲ್ಲು ಹಾಕಿಕೊಂಡವರಿಗೆ ಸ, ಶ, ಫ ಕಷ್ಟ. ಪಾರ್ಶ್ವವಾಯು ಆದವರಲ್ಲಿ ಹಲವರಿಗೆ ಒತ್ತಕ್ಷರಗಳ ಜೋಡಣೆಯೇ ಕಷ್ಟ. 'ಶುಶ್ರೂಷಾ' ಎಂಬ ಹೆಸರನ್ನು ಐದು ಸಲ ಬೇಗ ಬೇಗ ಹೇಳಿ. ನಿಮಗೇ ತಡವರಿಸಿದರೆ ಅವರ ಗತಿ? ಅದನ್ನು 'ಸುಶ್ರೂಷಾ' ಅಂತ ತಪ್ಪಾಗಿ ಬರೆಯುವವರೂ ಕಮ್ಮಿಯಿಲ್ಲ. ಎರಡರಿಂದ ನಾಲ್ಕು ಅಕ್ಷರದ ಒಂದು ಪದ, ಅಥವಾ ಚಿಕ್ಕ ಎರಡು ಪದ. ಅದಕ್ಕಿಂತ ಉದ್ದ ಬೇಡ.

ಕಿವಿ. ವಯಸ್ಸಾದಂತೆ ಮೊದಲು ಕೈಕೊಡುವುದು ತೀಕ್ಷ್ಣ ಸದ್ದುಗಳು. ಸ, ಶ, ಷ, ಫ ಅಕ್ಷರಗಳ ಸದ್ದು ಅಲ್ಲೇ ಇರುವುದು. ಹಳೆಯ ಫೋನ್ ಲೈನುಗಳು 300ರಿಂದ 3,400 ಹರ್ಟ್ಸ್ (ಸದ್ದಿನ ತೀಕ್ಷ್ಣತೆಯ ಅಳತೆ) ತನಕದ ಸದ್ದನ್ನಷ್ಟೇ ದಾಟಿಸುತ್ತವೆ. ಸಕಾರದ ಸದ್ದಿನ ಬಹುಪಾಲು ಅದಕ್ಕಿಂತ ಮೇಲೆ ಇರುತ್ತದೆ. ಅಂದರೆ ಕಿವಿಯೂ ಫೋನೂ ಸೇರಿ ಒಂದೇ ಅಕ್ಷರವನ್ನು ನುಂಗುತ್ತವೆ. ಮ, ನ, ಲ, ಗ ಇರುವ ಹೆಸರುಗಳು ಚೆನ್ನಾಗಿ ದಾಟುತ್ತವೆ. 'ಜಗಲಿ', 'ಅಂಗಳ', 'ಹೊಂಗೆ ಮನೆ' ಕೇಳಿಸುತ್ತವೆ. ಪಕ್ಕದ ಕೋಣೆಯಿಂದ ಒಬ್ಬರಿಗೆ ಫೋನ್ ಮಾಡಿ, ಹೆಸರನ್ನು ಒಂದೇ ಸಲ ಹೇಳಿ, ಕೇಳಿಸಿದ್ದನ್ನು ಬರೆಯಲು ಹೇಳಿ. ಆಮೇಲೆ ಮೊಬೈಲಿನ ವಾಯ್ಸ್ ಟೈಪಿಂಗ್‌ಗೂ ಹೇಳಿ ನೋಡಿ. ಅದು ಏನು ಬರೆಯುತ್ತದೋ, ನಾಳೆ ಮ್ಯಾಪಿನಲ್ಲಿ ಜನ ಹುಡುಕುವುದೂ ಅದನ್ನೇ.

ಕಣ್ಣು. ಕನ್ನಡದಲ್ಲಿ ಒತ್ತು ಕೆಳಗೆ ಚಿಕ್ಕದಾಗಿ ಕೂರುತ್ತದೆ. 'ಸ್ವಾಸ್ಥ್ಯ', 'ವಾತ್ಸಲ್ಯ', 'ವಾರ್ಧಕ್ಯ' ಇವನ್ನು ರಸ್ತೆಯ ಆ ಬದಿಯಿಂದ ಓದಿ, ಕೆಳಗಿನದೆಲ್ಲ ಮಸಿಯ ಚುಕ್ಕೆ. ಬೋರ್ಡು ಬರೆಯುವವರ ಹಳೆಯ ಲೆಕ್ಕ, ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. ನನ್ನನ್ನು ಕೇಳಿದರೆ ಒತ್ತಕ್ಷರ ಇರುವ ಹೆಸರಿಗೆ ಅದರ ಒಂದೂವರೆಪಟ್ಟು ಇಡಬೇಕು. ವಯಸ್ಸಾದ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ, ನೀಲಿ ಹಸಿರು ಬೇರೆ ಬೇರೆ ಅಂತ ಕಾಣುವುದು ಕಡಿಮೆಯಾಗುತ್ತದೆ. ತಿಳಿ ಹಸಿರಿನ ಮೇಲೆ ನೀಲಿ ಅಕ್ಷರ ಡಿಸೈನ್ ಮಾಡಿದವರಿಗೆ ಮಾತ್ರ ಕಾಣುತ್ತದೆ. ಕಡುಬಣ್ಣದ ಮೇಲೆ ತಿಳಿ ಅಕ್ಷರ, ಇಲ್ಲವೇ ಅದರ ಉಲ್ಟಾ ಇರಲಿ. ಹೊಳೆಯುವ ಹಿತ್ತಾಳೆ ಫಲಕ ಬೇಡ, ಬಿಸಿಲಿಗೆ ಕಣ್ಣು ಕೋರೈಸುತ್ತದೆ.

ಮರೆಗುಳಿ ಕಾಯಿಲೆ ಇರುವವರಿಗೆ ಹೊಸದಾಗಿ ಕಲಿತದ್ದು ಬೇಗ ಜಾರುತ್ತದೆ, ಚಿಕ್ಕಂದಿನ ಪದಗಳು ಹೆಚ್ಚು ದಿನ ಉಳಿಯುತ್ತವೆ. ಎರಡು ಪದದ ತುಣುಕು ಸೇರಿಸಿ ಮಾಡಿದ ನವೀನ ಹೆಸರು ಅವರಿಗೆ ಪ್ರತಿದಿನವೂ ಹೊಸದು. 'ಅಂಗಳ' ಹಾಗಲ್ಲ. ಇಲ್ಲಿ ಒಂದು ಮಾತು. ಇಂಥವರು ಸಂಜೆಯಾದರೆ "ಮನೆಗೆ ಹೋಗಬೇಕು" ಅನ್ನುವುದು ಸಾಮಾನ್ಯ. ಹೆಸರಿನಲ್ಲಿ 'ಮನೆ' ಇದೆ ಅಂತ "ಇದೇ ನಿಮ್ಮ ಮನೆ, ಬೋರ್ಡು ನೋಡಿ" ಎಂದು ವಾದಕ್ಕೆ ಇಳಿಯಬೇಡಿ ಎಂದು ಸಿಬ್ಬಂದಿಗೆ ಮೊದಲೇ ಹೇಳಿ. ಅವರು ಕೇಳುತ್ತಿರುವುದು ಎಷ್ಟೋ ಸಲ ಕಟ್ಟಡವನ್ನಲ್ಲ, ಧೈರ್ಯವನ್ನು.

6. ಇಂಗ್ಲಿಷ್ ಅಕ್ಷರದಲ್ಲಿ ಏನಾಗುತ್ತದೆ

ಹೆಸರು ಕನ್ನಡದ್ದಾದರೂ ವೆಬ್‌ಸೈಟು, ಮ್ಯಾಪು, ಬ್ಯಾಂಕ್ ಖಾತೆ ಇಂಗ್ಲಿಷ್ ಅಕ್ಷರ ಕೇಳುತ್ತವೆ. ಅಲ್ಲಿ ಳ-ಲ, ಣ-ನ, ಹ್ರಸ್ವ-ದೀರ್ಘ ಎಲ್ಲ ಒಂದೇ ಪಾತ್ರೆಗೆ ಬೀಳುತ್ತವೆ. 'ಬೆಲೆ', 'ಬೆಳೆ', 'ಬೇಳೆ' ಮೂರೂ ಒಂದೇ ಸ್ಪೆಲ್ಲಿಂಗ್. 'ಮನೆ' ಎಂದು ಬರೆದದ್ದನ್ನು ಕನ್ನಡ ಬಾರದವರು 'ಮೇನ್' ಎಂದು ಓದುತ್ತಾರೆ, ಅಂದರೆ ಕುದುರೆಯ ಕೇಸರ. ಇಷ್ಟಕ್ಕೇ ಒಳ್ಳೆಯ ಹೆಸರನ್ನು ಬಿಡಬೇಕಿಲ್ಲ. ಸ್ಪೆಲ್ಲಿಂಗ್ ಒಂದನ್ನೇ ತೀರ್ಮಾನಿಸಿ ಎಲ್ಲ ಕಡೆ ಅದನ್ನೇ ಬಳಸಿ, ಅಷ್ಟೇ. ವೆಬ್ ವಿಳಾಸದ ಒಂದು ತುಂಡಿನಲ್ಲಿ 63 ಅಕ್ಷರದವರೆಗೆ ಅವಕಾಶ ಇದೆ, ಆದರೆ ಹದಿನೈದು ದಾಟಿದರೆ ಯಾರೂ ಸರಿಯಾಗಿ ಟೈಪ್ ಮಾಡುವುದಿಲ್ಲ. ಉದ್ದ ಹೆಸರಾದರೆ ಮೊದಲಕ್ಷರಗಳನ್ನು ಕೂಡಿಸಿ ಏನಾಗುತ್ತದೆ ಅಂತಲೂ ಒಮ್ಮೆ ನೋಡಿ. ನೀವು ನೋಡದಿದ್ದರೆ ಮೊಮ್ಮಕ್ಕಳು ನೋಡುತ್ತಾರೆ.

7. ಕಾಗದದ ಕೆಲಸ

ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ: ಸಂಸ್ಥೆಯ ನೋಂದಣಿ ಹೆಸರು, ಬೋರ್ಡಿನ ಹೆಸರು, ಟ್ರೇಡ್‌ಮಾರ್ಕ್. ಸಂಸ್ಥೆ ನೋಂದಣಿಯಾಯಿತು ಅಂದ ಮಾತ್ರಕ್ಕೆ ಆ ಹೆಸರು ಬಳಸುವ ಪೂರ್ತಿ ಹಕ್ಕು ನಿಮ್ಮದಾಯಿತು ಅಂತಲ್ಲ. ಬೇರೆಯವರ ಟ್ರೇಡ್‌ಮಾರ್ಕ್ ಮೊದಲೇ ಇರಬಹುದು. ಟ್ರೇಡ್‌ಮಾರ್ಕ್ ಹುಡುಕುವಾಗ ವರ್ಗ ನೋಡಬೇಕು. ಸರಕು, ಸೇವೆಗಳನ್ನು ಗುಂಪು ಮಾಡಲು ಬಹಳಷ್ಟು ದೇಶಗಳು ಬಳಸುವ ನೀಸ್ ವರ್ಗೀಕರಣದಲ್ಲಿ 45 ವರ್ಗಗಳಿವೆ. ನಿವೃತ್ತರು ವಾಸಿಸುವ ಮನೆ 43ನೇ ವರ್ಗಕ್ಕೆ ಬರುತ್ತದೆ, ನರ್ಸಿಂಗ್ ಹೋಮ್ ಮತ್ತು ಹಾಸ್ಪೈಸ್ 44ಕ್ಕೆ. ಎರಡೂ ಕಡೆ ಹುಡುಕಿ. 'ರಾಷ್ಟ್ರೀಯ', 'ಸರ್ಕಾರಿ' ಎಂಬಂಥ ಪದಗಳನ್ನು ಮುಟ್ಟಲೇಬೇಡಿ. ಈ ಬರಹದಲ್ಲಿ ಬಂದ ಹೆಸರುಗಳನ್ನೂ ಯಾರೋ ಈಗಾಗಲೇ ಇಟ್ಟುಕೊಂಡಿರಬಹುದು, ನೋಡದೆ ಎತ್ತಿಕೊಳ್ಳಬೇಡಿ.

ಕಾನೂನಿಗಿಂತ ಮುಖ್ಯವಾದ ಒಂದು ಪರೀಕ್ಷೆ: ಸುತ್ತಮುತ್ತ ಇದೇ ತರಹ ಕೇಳಿಸುವ ಹೆಸರು ಇದೆಯೇ? ಒಂದೇ ಹೆಸರಿನ ಆಸ್ಪತ್ರೆ, ವಸತಿ ಬಡಾವಣೆ, ಮದುವೆ ಛತ್ರ? ಆಂಬುಲೆನ್ಸ್ ಡ್ರೈವರು ತಪ್ಪು ಗೇಟಿಗೆ ಹೋದರೆ ಕಳೆಯುವುದು ನಿಮಿಷಗಳಲ್ಲ, ಮನುಷ್ಯರು.

8. ಒಳಗಿರುವವರ ಮುಂದೆ ಇಡಿ

ಈಗ ಮೂರು ಹೆಸರು ಉಳಿದಿವೆ ಅನ್ನಿ. ಮನೆ ಇನ್ನೂ ಶುರುವಾಗಿಲ್ಲದಿದ್ದರೆ ಆ ವಯಸ್ಸಿನ ಏಳೆಂಟು ಜನರನ್ನು ಹುಡುಕಿ. ಗುಂಪಿನಲ್ಲಿ ಕೇಳಬೇಡಿ, ಒಬ್ಬೊಬ್ಬರನ್ನೇ ಕೇಳಿ. "ಹೆಸರು ಚೆನ್ನಾಗಿದೆಯಾ?" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ, ನಿಮ್ಮ ಮನಸ್ಸು ನೋಯಿಸುವುದು ಯಾರಿಗೆ ಬೇಕು? ಬದಲಿಗೆ ಹೀಗೆ ಕೇಳಿ: "ಈ ಹೆಸರು ಕೇಳಿದರೆ ಅದು ಯಾವ ತರಹದ ಜಾಗ ಅನ್ನಿಸುತ್ತೆ?" ಅವರು ಹೋಟೆಲ್ ಅಂದರೋ, ಶಾಲೆ ಅಂದರೋ, ಆಸ್ಪತ್ರೆ ಅಂದರೋ ಬರೆದುಕೊಳ್ಳಿ. "ನಿಮ್ಮ ತಂಗಿಗೆ ಫೋನಿನಲ್ಲಿ ವಿಳಾಸ ಹೇಳಿ ನೋಡೋಣ" ಅನ್ನಿ. ದನಿ ಎಲ್ಲಿ ತಗ್ಗಿತು ಅಂತ ಗಮನಿಸಿ. ಎರಡು ದಿನ ಬಿಟ್ಟು ಮತ್ತೆ ಹೋಗಿ, ಯಾವುದು ನೆನಪಿದೆ ಅಂತ ಕೇಳಿ. ನೆನಪಿರುವುದು ಒಂದೇ ಆಗಿದ್ದರೆ ತೀರ್ಮಾನ ಆದ ಹಾಗೆ.

ಸಿಬ್ಬಂದಿಯನ್ನೂ ಕೇಳಿ, ಮುಖ್ಯವಾಗಿ ಅಡುಗೆಯವರು, ಆಯಾಗಳು, ರಾತ್ರಿ ಪಾಳಿಯವರು. ಅವರ ಮನೆಯವರು "ಎಲ್ಲಿ ಕೆಲಸ?" ಅಂದಾಗ ಅವರೂ ಇದನ್ನೇ ಹೇಳಬೇಕು.

ನಡೆಯುತ್ತಿರುವ ಮನೆಯ ಹೆಸರು ಬದಲಾಯಿಸುವುದಾದರೆ ನಿಧಾನ ಮಾಡಿ. ಕೈಬದಲಾಗಿ ಹೊಸ ಮಾಲೀಕರು ಬಂದ ಕೂಡಲೇ ಬೋರ್ಡು ಬದಲಾಯಿಸಿದರೆ, ಒಳಗಿರುವವರಿಗೆ ತಾವು ಮಾರಾಟವಾದ ಹಾಗೆ ಅನ್ನಿಸುತ್ತದೆ. ಒಂದೆರಡು ವರ್ಷ ಹಳೆಯ ಹೆಸರೂ ಕೆಳಗೆ ಚಿಕ್ಕದಾಗಿ ಇರಲಿ. ಅಂಚೆಯವರಿಗೆ, ಆಂಬುಲೆನ್ಸಿನವರಿಗೆ, ಮ್ಯಾಪಿಗೆ ಎರಡೂ ಗೊತ್ತಿರಲಿ. ಹಳೆಯ ಹೆಸರನ್ನೇ ಹೇಳುವ ಅಜ್ಜನನ್ನು ತಿದ್ದಬೇಡಿ.

ಬೋರ್ಡು ಹಾಕಿ ಮೂರು ತಿಂಗಳು ಕಳೆದ ಮೇಲೆ ಒಂದು ಕೆಲಸ ಬಾಕಿ ಇದೆ. ಊಟದ ಹೊತ್ತಿನಲ್ಲಿ ಒಂದು ಮೂಲೆಯಲ್ಲಿ ಕೂತು, ಅವರು ತಮ್ಮ ಮನೆಯನ್ನು ಏನಂತ ಕರೆಯುತ್ತಾರೆ ಕೇಳಿಸಿಕೊಳ್ಳಿ. ನೀವಿಟ್ಟ ಹೆಸರೇ ಇರಬಹುದು, ಅದರ ಅರ್ಧ ಇರಬಹುದು, ಬೇರೆ ಏನೋ ಇರಬಹುದು. ಅದು ನಿಮ್ಮದಕ್ಕಿಂತ ಚೆನ್ನಾಗಿದ್ದರೆ, ಮುಂದಿನ ಸಲ ಬೋರ್ಡಿಗೆ ಬಣ್ಣ ಹೊಡೆಸುವಾಗ ಅದನ್ನೇ ಬರೆಸಿ.